ಅಪ್ಪನ ಬೈಬಲಿನ ಅಂಚಿನಲ್ಲಿ ಮೂರು ಇಸವಿಗಳು: ಕಡೇ ದಿನಗಳ ಬೋಧನೆಯನ್ನು ಮತ್ತೆ ಓದಿ ನೋಡುವುದು ತಪ್ಪೇ?

ಅಂಚಿನ_ಬರಹ | ಸೋಮವಾರ, ರಾತ್ರಿ 9.10

ಅಪ್ಪ ತೀರಿಕೊಂಡ ಮೇಲೆ ಅವರ ಬೈಬಲ್ ನನ್ನ ಪಾಲಿಗೆ ಬಂತು. ಮೊನ್ನೆ ಮತ್ತಾಯ 24 ಓದುತ್ತಿದ್ದಾಗ 34ನೆಯ ವಚನದ ಪಕ್ಕದಲ್ಲಿ ಅವರ ಪೆನ್ಸಿಲ್ ಬರಹ ಕಣ್ಣಿಗೆ ಬಿತ್ತು. ಮೊದಲನೆಯದು 1948 + 40 = 1988. ಅದನ್ನು ರಬ್ಬರಿನಿಂದ ಉಜ್ಜಿದ್ದಾರೆ, ಆದರೆ ಒತ್ತಿ ಬರೆದ ಗುರುತು ಹೋಗಿಲ್ಲ. ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಕಿಗಳು ಕಾಣುತ್ತವೆ. ಅದರ ಕೆಳಗೆ 1967 + 40 = 2007. ಅದಕ್ಕೆ ಒಂದು ಗೀಟು. ಕೊನೆಯದು 1948 + 70 = 2018. ಅದನ್ನು ಹೊಡೆದುಹಾಕಲು ಅಪ್ಪ ಇರಲಿಲ್ಲ. 2016ರಲ್ಲೇ ಹೋಗಿಬಿಟ್ಟರು.

ಈ ಬೋಧನೆಯಲ್ಲಿ ಬೆಳೆದವರಿಗೆ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ: ಇದೆಲ್ಲ ಆಗುವ ತನಕ ಈ ಸಂತತಿ ಗತಿಸುವುದಿಲ್ಲ ಎನ್ನುತ್ತದೆ ಆ ವಚನ. ಯೇಸು ಹೇಳಿದ ಚಿಗುರುವ ಅಂಜೂರದ ಮರವೆಂದರೆ ಇಸ್ರೇಲ್, ಆ ರಾಷ್ಟ್ರ ಹುಟ್ಟಿದ್ದು 1948ರಲ್ಲಿ, ಒಂದು ಸಂತತಿಯೆಂದರೆ 40 ವರ್ಷ, ಅಷ್ಟರೊಳಗೆ ಎಲ್ಲವೂ ನೆರವೇರಬೇಕು. ನೆರವೇರದಿದ್ದಾಗ ಆರಂಭದ ಇಸವಿಯನ್ನು ಯೆರೂಸಲೇಮಿನ ಹಳೆಯ ನಗರ ಇಸ್ರೇಲಿನ ಕೈಸೇರಿದ 1967ಕ್ಕೆ ಸರಿಸಿದರು. ಅದೂ ದಾಟಿದಾಗ, ಮನುಷ್ಯನ ಆಯಸ್ಸು ಎಪ್ಪತ್ತು ವರ್ಷ ಎನ್ನುವ 90ನೆಯ ಕೀರ್ತನೆಯ ಆಧಾರ ಹಿಡಿದು ಸಂತತಿಯನ್ನೇ 70 ವರ್ಷಕ್ಕೆ ಹಿಗ್ಗಿಸಿದರು.

ಅಪ್ಪ ಯಾರನ್ನೂ ವಂಚಿಸಿದವರಲ್ಲ. ತಾವು ಕೇಳಿದ್ದನ್ನು ಪೂರ್ತಿಯಾಗಿ ನಂಬಿದರು, ಅಷ್ಟೇ. ಆದರೆ 1986ರಲ್ಲಿ ಅಕ್ಕ ಒಳ್ಳೆಯ ಅಂಕ ಪಡೆದು ಶಾಲೆ ಮುಗಿಸಿದಾಗ, "ಉಳಿದಿರುವ ಎರಡು ವರ್ಷಕ್ಕೆ ಕಾಲೇಜು ಏಕಮ್ಮ?" ಎಂದು ಪ್ರೀತಿಯಿಂದಲೇ ಕೇಳಿದರು. ಅಕ್ಕ ಮುಂದೆ ಓದಲಿಲ್ಲ.

ಸಭೆ, ಅಂದರೆ ವಿಶ್ವಾಸಿಗಳೆಲ್ಲ, ಆಕಾಶಕ್ಕೆ ಎತ್ತಲ್ಪಡುವುದು, ಏಳು ವರ್ಷದ ಮಹಾಸಂಕಟ, ಕ್ರಿಸ್ತವಿರೋಧಿ, ಹರ್ಮಗೆದೋನ್ ಎಂಬ ಕಡೇ ಯುದ್ಧ, ಕ್ರಿಸ್ತನ ಸಾವಿರ ವರ್ಷದ ಆಳಿಕೆ. ಸಂಡೇ ಸ್ಕೂಲಿನ ಗೋಡೆಯ ಮೇಲಿನ ಪಟದಲ್ಲಿ ಬಾಣದ ಗುರುತುಗಳೊಂದಿಗೆ ಇದ್ದ ಈ ಸಾಲು ಬೈಬಲಿನದೇ, ಅಥವಾ ಬೈಬಲಿನ ಜೊತೆಯಲ್ಲಿ ನಮ್ಮ ಕೈಗೆ ಬಂದದ್ದೇ? ಕ್ರಿಸ್ತನ ಬರೋಣವನ್ನು, ಅಂದರೆ ಆತನು ತಿರುಗಿ ಬರುವುದನ್ನು, ನಾನು ನಂಬುತ್ತೇನೆ. ಆ ಪಟವನ್ನು ನಂಬಲಾಗುತ್ತಿಲ್ಲ. ಈಗ ಅದೇ ಪಾಠವನ್ನು ಮಕ್ಕಳಿಗೆ ಹೇಳಿಕೊಡುವ ಸರದಿ ನನ್ನದು. ತಿಳಿದವರು ಹೇಳಿ.

ಸಾಸಿವೆಕಾಳು | ಸೋಮವಾರ, ರಾತ್ರಿ 9.22

ಲೂಕ 21:29 ತೆರೆದು ನೋಡಿ. ಅಲ್ಲಿ ಅಂಜೂರದ ಮರವೊಂದನ್ನೇ ಅಲ್ಲ, ಎಲ್ಲಾ ಮರಗಳನ್ನೂ ನೋಡಿರಿ ಎಂದಿದೆ. ಚಿಗುರು ಕಂಡರೆ ಬೇಸಿಗೆ ಹತ್ತಿರವೆಂದು ತಿಳಿಯುತ್ತದೆ ಎನ್ನುವ ಮಾತು ಅದು. 1948 ಆ ಅಧ್ಯಾಯದಲ್ಲಿ ಎಲ್ಲಿಯೂ ಇಲ್ಲ.

ಹಳೇ_ಕಾವಲುಗಾರ | ಸೋಮವಾರ, ರಾತ್ರಿ 10.05

ಸಹೋದರರೇ, ನಿಮ್ಮ ಅಕ್ಕನ ವಿಷಯ ಓದಿ ಮನಸ್ಸಿಗೆ ನೋವಾಯಿತು. ಆದರೆ ನೋವಿನಿಂದ ಸಿದ್ಧಾಂತ ಕಟ್ಟಬಾರದು. ಇಸವಿ ಎಣಿಸುವುದು ತಪ್ಪು. ಆ ದಿನವೂ ಆ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು ಎಂದು ಅದೇ ಅಧ್ಯಾಯದ 36ನೆಯ ವಚನ ಹೇಳುತ್ತದೆ. ಎಣಿಸಿದವರು ತಪ್ಪಿದರು ಎಂದಮಾತ್ರಕ್ಕೆ ಕಾಯುತ್ತಿರುವ ನಾವೆಲ್ಲರೂ ತಪ್ಪಿದೆವು ಎಂದಾಗುವುದಿಲ್ಲ.

ಈಗಿನವರು ಎಲ್ಲವನ್ನೂ ಸಂಕೇತ ಎಂದುಬಿಡುತ್ತಾರೆ. ಸಾವಿರ ವರ್ಷ ಸಂಕೇತ, ಸಂಕಟ ಸಂಕೇತ, ನಾಳೆ ಪುನರುತ್ಥಾನವೂ ಸಂಕೇತವೇ. ಪುನರುತ್ಥಾನ ಆಗಿಹೋಯಿತು ಎಂದು ಬೋಧಿಸಿದ ಹುಮೆನಾಯನನ್ನು ಪೌಲನು 2 ತಿಮೊಥೆಯ 2ರಲ್ಲಿ ಹೆಸರು ಹಿಡಿದು ಖಂಡಿಸಿದ್ದಾನೆ. ಸಾವಿರ ವರ್ಷದ ಆಳಿಕೆ ನಿನ್ನೆ ಮೊನ್ನೆಯ ಬೋಧನೆಯೂ ಅಲ್ಲ. ಎರಡನೆಯ ಶತಮಾನದ ಸಭಾಪಿತೃಗಳಾದ ಜಸ್ಟಿನ್ ನಂಬಿದ್ದ, ಐರೇನಿಯಸ್ ನಂಬಿದ್ದ. ನಾನು 30 ವರ್ಷದಿಂದ ಈ ಪಾಠ ಮಾಡುತ್ತಿದ್ದೇನೆ. ಬರೋಣ ಎಲ್ಲಿ ಎಂದು ಕೇಳುವ ಪರಿಹಾಸ್ಯಗಾರರ ಬಗ್ಗೆ 2 ಪೇತ್ರ 3 ಎಚ್ಚರಿಸಿರುವುದನ್ನು ಮರೆಯಬೇಡಿ.

ನಡುಮನೆ | ಸೋಮವಾರ, ರಾತ್ರಿ 10.31

ಇಲ್ಲಿ ಯಾರೂ ಪರಿಹಾಸ್ಯ ಮಾಡುತ್ತಿಲ್ಲ ಕಾವಲುಗಾರರೇ. ಅವರು ತಮ್ಮ ತಂದೆಯ ಬೈಬಲನ್ನು ಮುಂದಿಟ್ಟುಕೊಂಡು ಕೇಳುತ್ತಿದ್ದಾರೆ.

ನನ್ನ ಮಗಳಿಗೆ ಎಂಟು ವರ್ಷ. ಸಂಡೇ ಸ್ಕೂಲಿನಲ್ಲಿ "ಹೊಲದಲ್ಲಿರುವ ಇಬ್ಬರಲ್ಲಿ ಒಬ್ಬನು ತೆಗೆಯಲ್ಪಡುವನು, ಒಬ್ಬನು ಬಿಡಲ್ಪಡುವನು" ಎನ್ನುವ ಪಾಠ ಕೇಳಿ ಬಂದ ದಿನದಿಂದ ರಾತ್ರಿ ನನ್ನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಮಲಗುತ್ತಾಳೆ. ನನ್ನನ್ನು ಕರೆದುಕೊಂಡು ಹೋದರೆ ತನಗೆ ಎಚ್ಚರವಾಗಬೇಕಂತೆ. ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ ತಾನೇ? ಒಳ್ಳೆಯ ಸುದ್ದಿ ಕೇಳಿ ಬಂದ ಮಗು ಹೀಗೆ ಮಲಗುವುದೇ?

ಪತ್ಮೋಸ್ | ಸೋಮವಾರ, ರಾತ್ರಿ 10.58

ನಡುಮನೆ ಅವರೇ, ಆ ವಚನವನ್ನು ಒಂದು ವಚನ ಹಿಂದಿನಿಂದ ಓದಿ. ಮತ್ತಾಯ 24:39. ನೋಹನ ಕಾಲದಲ್ಲಿ ಪ್ರಳಯ ಬಂದು ಯಾರನ್ನು ಬಡಿದುಕೊಂಡು ಹೋಯಿತು? ದುಷ್ಟರನ್ನು. ಉಳಿದವರು ಯಾರು? ನೋಹನೂ ಅವನ ಮನೆಯವರೂ. ಮನುಷ್ಯಕುಮಾರನ ಬರೋಣವೂ ಹಾಗೆಯೇ ಇರುವುದು ಎಂದು ಹೇಳಿದ ಬೆನ್ನಿಗೇ "ಒಬ್ಬನು ತೆಗೆಯಲ್ಪಡುವನು" ಎಂಬ ಮಾತು ಬರುತ್ತದೆ. ಹಾಗಾದರೆ ತೆಗೆಯಲ್ಪಡುವುದು ನ್ಯಾಯತೀರ್ಪಿಗೆ, ಉಳಿಯುವುದೇ ಭಾಗ್ಯ. ಲೂಕ 17ರಲ್ಲಿ ಶಿಷ್ಯರು "ಎಲ್ಲಿಗೆ?" ಎಂದು ಕೇಳಿದಾಗ ಸಿಕ್ಕ ಉತ್ತರ ಹೆಣವೂ ಹದ್ದುಗಳೂ ಇರುವ ಜಾಗ. ಅದು ಪರಲೋಕದ ವರ್ಣನೆಯಲ್ಲ.

ಮಗುವಿಗೆ ಹೇಳಿ: ಅಮ್ಮ ಎಲ್ಲಿಗೂ ಹೋಗುವುದಿಲ್ಲ, ಬರುವವನು ಯೇಸು.

ಅಲ್ಫಾ_ಬೀಟಾ | ಸೋಮವಾರ, ರಾತ್ರಿ 11.20

ಪತ್ಮೋಸ್ ಅವರ ಓದು ನನಗೂ ಇಷ್ಟ, ಆದರೆ ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. ಗ್ರೀಕ್ ಮೂಲದಲ್ಲಿ 39ನೆಯ ವಚನದ "ಬಡಿದುಕೊಂಡು ಹೋಯಿತು" ಬೇರೆ ಕ್ರಿಯಾಪದ, 40ನೆಯ ವಚನದ "ತೆಗೆಯಲ್ಪಡುವನು" ಬೇರೆ. ಎರಡನೆಯದು ಪಾರಾಲಂಬಾನೋ. ಯೋಹಾನ 14:3ರಲ್ಲಿ "ನಿಮ್ಮನ್ನು ನನ್ನ ಬಳಿಗೆ ಸೇರಿಸಿಕೊಳ್ಳುವೆನು" ಎನ್ನುವಾಗಲೂ ಅದೇ ಪದ. ಆದ್ದರಿಂದ ಎರಡೂ ಓದಿಗೆ ದಾರಿ ಇದೆ. ಇಷ್ಟು ತೆರೆದಿರುವ ವಚನವನ್ನು ಹಿಡಿದು ಎಂಟು ವರ್ಷದ ಮಗುವನ್ನು ಹೆದರಿಸುವುದು ಮಾತ್ರ ಯಾವ ವ್ಯಾಕರಣದಲ್ಲೂ ಸರಿಯಲ್ಲ.

ನಾನು ನಿಜವಾಗಿ ಬರೆಯಬೇಕೆಂದಿರುವುದು 1 ಥೆಸಲೊನೀಕ 4:17ರ ಬಗ್ಗೆ. ನಾಳೆ ಬರೆಯುತ್ತೇನೆ, ನಿಘಂಟು ನೋಡಿಕೊಂಡು.

ಇತಿಹಾಸ_ಪಾಠ | ಮಂಗಳವಾರ, ಬೆಳಿಗ್ಗೆ 6.45

ಕಾವಲುಗಾರರು ಜಸ್ಟಿನ್ ಹೆಸರು ತಂದರು, ಒಳ್ಳೆಯದಾಯಿತು. ಅದೇ ಜಸ್ಟಿನ್ ತ್ರುಫೋನನೆಂಬ ಯೆಹೂದ್ಯನ ಜೊತೆಗಿನ ಸಂವಾದದಲ್ಲಿ ಇನ್ನೊಂದು ಮಾತನ್ನೂ ಒಪ್ಪಿಕೊಂಡಿದ್ದಾನೆ: ಶುದ್ಧ ಭಕ್ತಿಯುಳ್ಳ ಅನೇಕ ಕ್ರೈಸ್ತರು ಈ ವಿಷಯದಲ್ಲಿ ತನ್ನಂತೆ ನಂಬುವುದಿಲ್ಲ. ಅವರನ್ನು ಅವನು ಸಭೆಯಿಂದ ಹೊರಗೆ ಹಾಕಲಿಲ್ಲ. ಅಲ್ಲದೆ, ಅಧರ್ಮದ ಪುರುಷನು ಬಂದಾಗ ಕ್ರೈಸ್ತರು ಭೂಮಿಯ ಮೇಲೆಯೇ ಇದ್ದು ಅವನಿಂದ ಹಿಂಸೆ ಪಡುತ್ತಾರೆ ಎಂದು ಅವನು ಬರೆದಿದ್ದಾನೆ. ಸಾವಿರ ವರ್ಷದ ಆಳಿಕೆಯ ನಂಬಿಕೆ ಹಳೆಯದು, ನಿಜ. ಸಂಕಟಕ್ಕೆ ಮೊದಲೇ ಸಭೆ ಗುಟ್ಟಾಗಿ ಎತ್ತಲ್ಪಡುತ್ತದೆ ಎಂಬುದು ಬೇರೆಯದೇ ನಂಬಿಕೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು.

ಈ ಎರಡನೆಯದಕ್ಕೆ ಈಗಿರುವ ರೂಪ ಕೊಟ್ಟು ಹಬ್ಬಿಸಿದವನು ಜಾನ್ ನೆಲ್ಸನ್ ಡಾರ್ಬಿ (1800–1882). ಐರ್ಲೆಂಡಿನ ಸಭೆಯ ಪಾದ್ರಿಯಾಗಿದ್ದು, ಅದನ್ನು ಬಿಟ್ಟು ಪ್ಲಿಮತ್ ಬ್ರದರನ್ ಪಂಗಡದ ಮುಂದಾಳಾದವನು. 1830ರ ದಶಕದಲ್ಲಿ ಅವನು ದೇವರ ಯೋಜನೆಯನ್ನು ಇಸ್ರೇಲಿಗೆ ಒಂದು, ಸಭೆಗೆ ಒಂದು ಎಂದು ಎರಡಾಗಿ ಸೀಳಿದ. ಇಸ್ರೇಲಿನ ಗಡಿಯಾರ ಮತ್ತೆ ಓಡಬೇಕಾದರೆ ಸಭೆ ಜಾಗ ಖಾಲಿ ಮಾಡಬೇಕು. ಎತ್ತಲ್ಪಡುವಿಕೆ ಬೇಕಾದದ್ದು ಅಲ್ಲಿ.

ಆದರೆ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಡಾರ್ಬಿಯಲ್ಲ, 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಟಿಪ್ಪಣಿ ಬೈಬಲ್. ಮೇಲೆ ದೇವರ ವಾಕ್ಯ, ಅದೇ ಪುಟದ ಕೆಳಗೆ ಸ್ಕೋಫೀಲ್ಡನ ಟಿಪ್ಪಣಿ, ಎರಡಕ್ಕೂ ಒಂದೇ ರಟ್ಟು. ಎರಡು ತಲೆಮಾರು ಓದಿದ ಮೇಲೆ ಯಾವುದು ವಚನ, ಯಾವುದು ಟಿಪ್ಪಣಿ ಎಂಬ ಗಡಿ ಮನಸ್ಸಿನಲ್ಲಿ ಅಳಿಸಿಹೋಗುತ್ತದೆ. ಅಂಚಿನ_ಬರಹ ಅವರೇ, ನಿಮ್ಮ ತಂದೆಯ ಪೆನ್ಸಿಲ್ ಬರಹ ಕನಿಷ್ಠ ಪೆನ್ಸಿಲಿನಲ್ಲಿತ್ತು. ಅದನ್ನು ಉಜ್ಜಲು ಸಾಧ್ಯವಾಯಿತು.

ಎಣ್ಣೆಬತ್ತಿ | ಮಂಗಳವಾರ, ಬೆಳಿಗ್ಗೆ 7.30

ಬೈಬಲಿನಲ್ಲಿ ಬರೆಯುವುದೇ ತಪ್ಪು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು.

ಅಂಚಿನ_ಬರಹ | ಮಂಗಳವಾರ, ಬೆಳಿಗ್ಗೆ 7.52

ತಪ್ಪೇನಿಲ್ಲ ಎಂದು ನನ್ನ ಅನಿಸಿಕೆ. ಅಪ್ಪನ ಅಂಚುಗಳಲ್ಲಿ ಇಸವಿಗಳಿಗಿಂತ ಹೆಚ್ಚಾಗಿ ಹೆಸರುಗಳಿವೆ. ಯಾರಿಗೆ ಕಾಯಿಲೆ, ಯಾರ ಮಗ ಮನೆ ಬಿಟ್ಟು ಹೋದ, ಯಾರಿಗಾಗಿ ಪ್ರಾರ್ಥಿಸಬೇಕು. ಕೀರ್ತನೆಗಳ ಪುಟಗಳಲ್ಲಿ ಬಿಳಿ ಜಾಗವೇ ಉಳಿದಿಲ್ಲ.

ಆಮೋಸ_5 | ಮಂಗಳವಾರ, ಬೆಳಿಗ್ಗೆ 9.15

ಇಷ್ಟು ಸುತ್ತಿ ಬಳಸಿ ಮಾತಾಡುವುದೇಕೆ? ಮತ್ತಾಯ 24ರ ಬಹುಪಾಲು ಕ್ರಿ.ಶ. 70ರಲ್ಲಿ ನೆರವೇರಿತು. ಶಿಷ್ಯರು ಕೇಳಿದ್ದು ದೇವಾಲಯದ ಕಲ್ಲುಗಳ ಬಗ್ಗೆ. "ಈ ಸಂತತಿ" ಎಂದರೆ ಯೇಸುವಿನ ಎದುರು ನಿಂತಿದ್ದ ಸಂತತಿ. ಆತನು ಹೇಳಿ 40 ವರ್ಷ ತುಂಬುವ ಹೊತ್ತಿಗೆ ರೋಮಿನ ಸೇನಾಪತಿ ತೀತನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿ ದೇವಾಲಯವನ್ನು ಸುಟ್ಟಿತು. ಲೂಕ 21:20ರಲ್ಲಿ ದಂಡುಗಳು ಯೆರೂಸಲೇಮನ್ನು ಸುತ್ತುವರಿಯುವುದನ್ನು ಕಂಡಾಗ ಬೆಟ್ಟಗಳಿಗೆ ಓಡಿರಿ ಎಂದಿದೆ. ಅಲ್ಲಿನ ಕ್ರೈಸ್ತರು ಯುದ್ಧಕ್ಕೆ ಮುಂಚೆ ಯೊರ್ದನಿನ ಆಚೆಯ ಪೆಲ್ಲಾ ಪಟ್ಟಣಕ್ಕೆ ಹೋದರೆಂದು ಸಭೆಯ ಇತಿಹಾಸ ಬರೆದ ಯುಸೀಬಿಯಸ್ ಹೇಳಿದ್ದಾನೆ. ಲೋಕವೇ ಮುಗಿಯುವುದಾದರೆ ಬೆಟ್ಟಕ್ಕೆ ಓಡಿ ಏನು ಪ್ರಯೋಜನ?

ಸೂರ್ಯ ಕಪ್ಪಾಗುವುದು, ನಕ್ಷತ್ರ ಉದುರುವುದು ಎನ್ನುತ್ತೀರಾ? ಯೆಶಾಯ 13 ಓದಿ. ಬಾಬೆಲಿನ ಪತನಕ್ಕೆ ಅದೇ ಮಾತು. ಯೆಹೆಜ್ಕೇಲ 32ರಲ್ಲಿ ಐಗುಪ್ತಕ್ಕೂ ಅದೇ. ರಾಜ್ಯವೊಂದು ಉರುಳುವುದನ್ನು ಪ್ರವಾದಿಗಳು ಹಾಗೆಯೇ ಹೇಳುತ್ತಿದ್ದದ್ದು. ಇನ್ನು ಮೇಘಗಳೊಂದಿಗೆ ಬರುವ ಮನುಷ್ಯಕುಮಾರ: ದಾನಿಯೇಲ 7:13ರಲ್ಲಿ ಆತನು ಬರುವುದು ಭೂಮಿಗಲ್ಲ, ಮಹಾವೃದ್ಧನ, ಅಂದರೆ ದೇವರ, ಸನ್ನಿಧಿಗೆ. ಅದು ಪಟ್ಟಾಭಿಷೇಕದ ಚಿತ್ರ.

ಪತ್ಮೋಸ್ | ಮಂಗಳವಾರ, ಬೆಳಿಗ್ಗೆ 9.40

ದಾನಿಯೇಲನ ಮೇಘದ ದಿಕ್ಕನ್ನು ನಾನು ಇದುವರೆಗೆ ಗಮನಿಸಿಯೇ ಇರಲಿಲ್ಲ. ಧನ್ಯವಾದ.

ಇತಿಹಾಸ_ಪಾಠ | ಮಂಗಳವಾರ, ಬೆಳಿಗ್ಗೆ 10.10

ಆಮೋಸ ಅವರೇ, ಕ್ರಿ.ಶ. 70ರ ಓದಿನಲ್ಲಿ ಬಲವಿದೆ. ಆದರೆ ಅದರೊಳಗೆ ಒಂದು ಗುಂಡಿಯೂ ಇದೆ, ಅದನ್ನು ಹೇಳದೆ ಮುಂದೆ ಹೋಗಬಾರದು. "ಯೆಹೂದ್ಯರು ಕ್ರಿಸ್ತನನ್ನು ತಿರಸ್ಕರಿಸಿದರು, ಅದಕ್ಕೆ ದೇವರು ಅವರನ್ನು ಕೈಬಿಟ್ಟ" ಎಂಬುದಕ್ಕೆ ದೇವಾಲಯದ ನಾಶವನ್ನೇ ಸಾಕ್ಷಿಯಾಗಿ ತೋರಿಸಿ ಶತಮಾನಗಳ ಕಾಲ ಸಭೆ ಬೋಧಿಸಿತು. ಆ ಬೋಧನೆಯ ನೆರಳಿನಲ್ಲಿ ಯೆಹೂದ್ಯರ ಮೇಲೆ ನಡೆದ ದೌರ್ಜನ್ಯಕ್ಕೆ ಲೆಕ್ಕವಿಲ್ಲ. ದೇವರ ವರಗಳೂ ಕರೆಯೂ ಹಿಂತೆಗೆಯಲ್ಪಡುವುದಿಲ್ಲ ಎಂದು ಪೌಲ ರೋಮಾಪುರದವರಿಗೆ 11:29ರಲ್ಲಿ ಬರೆದದ್ದು ಇದೇ ಜನರ ಬಗ್ಗೆ. ಡಾರ್ಬಿಯ ಪಟದಲ್ಲಿ ಯೆಹೂದ್ಯರು ನಮ್ಮ ಭವಿಷ್ಯದ ನಾಟಕಕ್ಕೆ ಬೇಕಾದ ಪಾತ್ರಧಾರಿಗಳು. ಇನ್ನೊಂದು ಓದಿನಲ್ಲಿ ಮುಗಿದುಹೋದ ಜನ. ಎರಡರಲ್ಲೂ ಅವರು ಮನುಷ್ಯರಾಗಿ ಉಳಿದಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ಆಮೋಸ_5 | ಮಂಗಳವಾರ, ಬೆಳಿಗ್ಗೆ 10.25

ಒಪ್ಪುತ್ತೇನೆ. ಯೇಸು ಆ ಪಟ್ಟಣವನ್ನು ನೋಡಿ ಅತ್ತನು, ಲೂಕ 19:41. ಅಳದೆ ಆ ಅಧ್ಯಾಯವನ್ನು ಓದುವವನು ಸರಿಯಾಗಿ ಓದುತ್ತಿಲ್ಲ. ನಾನೂ ಒಣ ದನಿಯಲ್ಲಿ ಬರೆದೆ.

ಸಾಸಿವೆಕಾಳು | ಮಂಗಳವಾರ, ಮಧ್ಯಾಹ್ನ 1.05

ಮೃಗದ ಗುರುತಿನ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಪ್ರಕಟನೆ 13ರಲ್ಲಿ ದೇವರ ವೈರಿಯಾದ ಮೃಗದ ಹೆಸರಿನಲ್ಲಿ ಜನರ ಕೈಗೋ ಹಣೆಗೋ ಹಾಕಿಸುವ ಗುರುತು ಅದು, ಅದಿಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ನನ್ನ ಚಿಕ್ಕಂದಿನಲ್ಲಿ ಅದು ಅಂಗಡಿ ಸಾಮಾನಿನ ಮೇಲಿನ ಬಾರ್‌ಕೋಡ್ ಆಗಿತ್ತು. ಆಮೇಲೆ ಚರ್ಮದಡಿಯ ಚಿಪ್. ಆಮೇಲೆ ಲಸಿಕೆ. ನಮ್ಮ ಮನೆಯ ಹಿರಿಯರೊಬ್ಬರು ಈ ಹೆದರಿಕೆಯಿಂದಲೇ 2021ರಲ್ಲಿ ಲಸಿಕೆ ಹಾಕಿಸಿಕೊಳ್ಳಲಿಲ್ಲ. ಅವರು ಈಗ ಇಲ್ಲ.

ಪತ್ಮೋಸ್ | ಮಂಗಳವಾರ, ಮಧ್ಯಾಹ್ನ 1.50

ಸಾಸಿವೆಕಾಳು ಅವರೇ, ನಿಮ್ಮ ಮನೆಯ ಹಿರಿಯರ ವಿಷಯ ಕೇಳಿ ದುಃಖವಾಯಿತು.

ಈ ಗುರುತಿನ ಬಗ್ಗೆ ವರ್ಷಗಟ್ಟಲೆ ಓದಿದ್ದೇನೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಪ್ರಕಟನೆ 13ನೆಯ ಅಧ್ಯಾಯ ಮೃಗದ ಹೆಸರಿನ ಲೆಕ್ಕವಾದ 666 ಎಂಬ ಅಂಕಿಯೊಂದಿಗೆ ಮುಗಿಯುತ್ತದೆ. ನಾವು ಅಲ್ಲಿಗೇ ಪುಸ್ತಕ ಮುಚ್ಚುತ್ತೇವೆ. ಆದರೆ ಅಧ್ಯಾಯ ವಿಂಗಡಣೆ ಯೋಹಾನನದಲ್ಲ. ಅದು ಬಂದದ್ದು 13ನೆಯ ಶತಮಾನದ ಆರಂಭದಲ್ಲಿ. ನಿಲ್ಲಿಸದೆ ಮುಂದಿನ ವಚನ ಓದಿ, 14:1. ಚೀಯೋನ್ ಪರ್ವತದ ಮೇಲೆ ಕುರಿಮರಿಯಾದಾತನು ನಿಂತಿದ್ದಾನೆ, ಆತನ ಸಂಗಡ 1,44,000 ಮಂದಿ. ಅವರ ಹಣೆಯ ಮೇಲೂ ಬರಹವಿದೆ: ಆತನ ಹೆಸರು, ಆತನ ತಂದೆಯ ಹೆಸರು. ಅದು ಚಿಪ್ ಎಂದು ಯಾರೂ ಹೇಳುವುದಿಲ್ಲ. ಒಂದು ಹಣೆಬರಹವನ್ನು ಯಂತ್ರ ಎಂದೂ ಇನ್ನೊಂದನ್ನು ಭಕ್ತಿ ಎಂದೂ ಓದುವುದಕ್ಕೆ ಆಧಾರವೇನು? ಧರ್ಮೋಪದೇಶಕಾಂಡ 6:8ರಲ್ಲಿ ದೇವರ ಆಜ್ಞೆಗಳನ್ನು ಕೈಗೂ ಹಣೆಗೂ ಕಟ್ಟಿಕೊಳ್ಳಬೇಕೆಂದು ಮೋಶೆ ಹೇಳಿದ್ದನ್ನು ಯೋಹಾನನ ಮೊದಲ ಓದುಗರು ಬಲ್ಲವರಾಗಿದ್ದರು. ಕೈ ಎಂದರೆ ನೀನು ಮಾಡುವುದು, ಹಣೆ ಎಂದರೆ ನಿನ್ನ ಮನಸ್ಸು. ನೀನು ಯಾರ ಆಳು ಎಂಬ ಪ್ರಶ್ನೆ ಅದು. ಎಫೆಸ, ಸ್ಮುರ್ನ, ಪೆರ್ಗಮದಂಥ ಪಟ್ಟಣಗಳಲ್ಲಿ ಚಕ್ರವರ್ತಿಯ ಪೂಜೆಯ ಗುಡಿಗಳಿದ್ದವು. ವ್ಯಾಪಾರ ಮಾಡುವವನಿಗೆ, ಕೂಲಿ ಹುಡುಕುವವನಿಗೆ ಅದು ದಿನದಿನದ ಸಂಕಟ.

ಅಂಕಿಯ ಬಗ್ಗೆ: ಇಬ್ರಿಯದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಉಂಟು. ರೋಮಿನ ಚಕ್ರವರ್ತಿ ನೀರೋ ಕೈಸರ ಎಂಬುದರ ಗ್ರೀಕ್ ರೂಪವನ್ನು ಇಬ್ರಿಯ ಅಕ್ಷರಗಳಲ್ಲಿ ಬರೆದು ಕೂಡಿದರೆ 50+200+6+50+100+60+200, ಒಟ್ಟು 666. ಲ್ಯಾಟಿನ್ ಉಚ್ಚಾರದಂತೆ ಕೊನೆಯ 'ನ್' ಬಿಟ್ಟು ಬರೆದರೆ 50 ಕಡಿಮೆಯಾಗಿ 616. ಕೆಲವು ಪುರಾತನ ಹಸ್ತಪ್ರತಿಗಳಲ್ಲಿ ನಿಜವಾಗಿಯೂ 616 ಎಂದೇ ಇದೆ. ಎರಡು ಅಂಕಿಗೂ ಒಂದೇ ಹೆಸರು ಹೊಂದುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಹಳೇ_ಕಾವಲುಗಾರ | ಮಂಗಳವಾರ, ಮಧ್ಯಾಹ್ನ 2.30

ಐರೇನಿಯಸ್‌ಗೆ 616 ಎಂಬ ಪಾಠ ಗೊತ್ತಿತ್ತು. ಅವನು ಅದನ್ನು ತಪ್ಪು ಎಂದು ತಳ್ಳಿಹಾಕಿದ. 666ಕ್ಕೆ ಹೊಂದುವ ಹೆಸರುಗಳನ್ನು ಪರಿಶೀಲಿಸಿದಾಗ ನೀರೋವಿನ ಹೆಸರನ್ನು ಅವನು ಎತ್ತಲೇ ಇಲ್ಲ. ಯೋಹಾನನ ಕಾಲಕ್ಕೆ ಅಷ್ಟು ಹತ್ತಿರದಲ್ಲಿದ್ದವನಿಗೆ ತಿಳಿಯದ್ದು ನಿಮಗೆ ತಿಳಿಯಿತೇ? ಪ್ರಕಟನೆಯ ದರ್ಶನ ಚಕ್ರವರ್ತಿ ಡೊಮಿಷಿಯನನ ಆಳಿಕೆಯ ಕೊನೆಯಲ್ಲಿ ಆಯಿತು ಎಂದು ಹೇಳುವವನೂ ಅವನೇ. ಅಷ್ಟು ಹೊತ್ತಿಗೆ ನೀರೋ ಸತ್ತು 25 ವರ್ಷದ ಮೇಲಾಗಿತ್ತು.

ಪತ್ಮೋಸ್ | ಮಂಗಳವಾರ, ಮಧ್ಯಾಹ್ನ 2.44

ಇದು ನ್ಯಾಯವಾದ ಪ್ರಶ್ನೆ, ಪೂರ್ತಿ ಉತ್ತರ ನನ್ನಲ್ಲಿಲ್ಲ. ಐರೇನಿಯಸ್ ಗ್ರೀಕ್ ಅಕ್ಷರಗಳಲ್ಲಿ ಲೆಕ್ಕ ಹಾಕಿದ, ಇಬ್ರಿಯದಲ್ಲಿ ಅಲ್ಲ ಎಂಬುದಷ್ಟನ್ನು ಹೇಳಬಲ್ಲೆ. ಆದರೆ ಒಂದು ಮಾತನ್ನು ಅವನೂ ಹೇಳಿದ್ದಾನೆ: ಹೆಸರನ್ನು ಖಚಿತವಾಗಿ ಸಾರುವ ಸಾಹಸಕ್ಕೆ ಹೋಗುವುದಿಲ್ಲ ಎಂದು. ಆ ಸಂಯಮ ನನಗೂ ಬರಲಿ, ಬಾರ್‌ಕೋಡ್ ಎಂದು ಸಾರಿದವರಿಗೂ ಬರಲಿ.

ಎಣ್ಣೆಬತ್ತಿ | ಮಂಗಳವಾರ, ಸಂಜೆ 5.20

"ಕ್ರಿಸ್ತವಿರೋಧಿ" ಎಂಬ ಪದ ಪ್ರಕಟನೆ ಪುಸ್ತಕದಲ್ಲಿ ಒಮ್ಮೆಯೂ ಇಲ್ಲ ಎಂದು ಈಚೆಗೆ ಯಾರೋ ಹೇಳಿದರು. ನಿಜವೇ?

ಅಲ್ಫಾ_ಬೀಟಾ | ಮಂಗಳವಾರ, ರಾತ್ರಿ 8.15

ನಿಜ. ಆ ಪದ ಇರುವುದು ಯೋಹಾನನ ಒಂದನೆಯ ಮತ್ತು ಎರಡನೆಯ ಪತ್ರಗಳಲ್ಲಿ ಮಾತ್ರ. 1 ಯೋಹಾನ 2:18ರಲ್ಲಿ ಬಹುವಚನದಲ್ಲೂ ಬರುತ್ತದೆ: ಈಗಾಗಲೇ ಅನೇಕ ಕ್ರಿಸ್ತವಿರೋಧಿಗಳು ಎದ್ದಿದ್ದಾರೆ ಎಂದು.

ನಿನ್ನೆ ಮಾತು ಕೊಟ್ಟಂತೆ ಈಗ 1 ಥೆಸಲೊನೀಕ 4:17. ಎತ್ತಲ್ಪಡುವಿಕೆಯ ಬೋಧನೆಗೆ ಇದಕ್ಕಿಂತ ದೊಡ್ಡ ಆಧಾರ ಬೇರೆ ಇಲ್ಲ. ಕರ್ತನನ್ನು ಅಂತರಿಕ್ಷದಲ್ಲಿ ಎದುರುಗೊಳ್ಳುವುದಕ್ಕಾಗಿ ಮೇಘಗಳಲ್ಲಿ ಒಯ್ಯಲ್ಪಡುವೆವು ಎಂದು ಪೌಲ ಹೇಳುತ್ತಾನೆ. ಅಲ್ಲಿಂದ ನಾವು ಪರಲೋಕಕ್ಕೆ ಹೊರಟುಹೋಗುತ್ತೇವೆ ಎಂದು ಪಟದ ಬಾಣ ಹೇಳುತ್ತದೆ. ವಚನ ಹೇಳುವುದಿಲ್ಲ. ಸದಾಕಾಲ ಕರ್ತನ ಜೊತೆಯಲ್ಲಿರುವೆವು ಎಂಬಲ್ಲಿಗೆ ಅದು ನಿಲ್ಲುತ್ತದೆ. ಎಲ್ಲಿ ಎಂದು ಇಲ್ಲ.

ಈಗ ನಮ್ಮ ಕನ್ನಡ ಅನುವಾದದ ಪದವನ್ನೇ ನೋಡಿ: "ಎದುರುಗೊಳ್ಳುವುದು". ಈ ಪದ ನಮಗೆ ಯಾರೂ ಅರ್ಥ ಹೇಳಬೇಕಾಗಿಲ್ಲ. ಬರುವವರನ್ನು ಎದುರುಗೊಳ್ಳಲು ಹೋದವರು ಬಂದವರ ಜೊತೆಯಲ್ಲಿ ಅವರ ಊರಿಗೆ ಹೊರಟುಹೋಗುವುದಿಲ್ಲ. ದಾರಿಯವರೆಗೆ ಹೋಗಿ, ಕಂಡು, ಜೊತೆಯಲ್ಲಿ ಕರೆದುಕೊಂಡು ಹಿಂದಿರುಗುತ್ತಾರೆ. ಎದುರುಗೊಳ್ಳುವುದೆಂದರೇ ಕರೆತರುವುದು. ಗ್ರೀಕ್ ಪದ ಅಪಾಂತೇಸಿಸ್‌ಗೂ ಇದೇ ಬಳಕೆ ಇದೆ. ಮತ್ತಾಯ 25:6ರಲ್ಲಿ ಕನ್ಯೆಯರು ದೀಪ ಹಿಡಿದು ಹೋಗುವುದು ಮದಲಿಂಗನನ್ನು ಎದುರುಗೊಳ್ಳಲು. ಆಮೇಲೆ ಅವನ ಜೊತೆ ಮದುವೆಯ ಮನೆಗೆ ಬರುತ್ತಾರೆ. ಅಪೊಸ್ತಲರ ಕೃತ್ಯಗಳು 28:15ರಲ್ಲಿ ರೋಮಿನ ಸಹೋದರರು ಪೌಲನನ್ನು ಎದುರುಗೊಳ್ಳಲು ಸುಮಾರು 60 ಕಿಲೋಮೀಟರು ದೂರದವರೆಗೂ ಬರುತ್ತಾರೆ. ಮುಂದಿನ ವಚನದಲ್ಲಿ ಎಲ್ಲರೂ ರೋಮಿನಲ್ಲಿದ್ದಾರೆ.

ಅಪಾಂತೇಸಿಸ್ ಎಂದರೆ ಪ್ರತಿ ಸಲವೂ ಕರೆತರುವುದೇ ಎಂದು ವಾದಿಸಲು ಬರುವುದಿಲ್ಲ, ಕೇವಲ ಭೇಟಿ ಎಂಬ ಅರ್ಥವೂ ಇದೆ. ಆದರೆ ಎರಡು ವಚನ ಹಿಂದೆ, 15ರಲ್ಲಿರುವ "ಬರೋಣ", ಅಂದರೆ ಪರೂಸಿಯಾ, ಅರಸನ ಆಗಮನಕ್ಕೂ ಬಳಕೆಯಲ್ಲಿದ್ದ ಪದ. ಅರಸನು ಪಟ್ಟಣಕ್ಕೆ ಬರುತ್ತಾನೆ, ಜನ ಬಾಗಿಲಾಚೆ ಹೋಗಿ ಎದುರುಗೊಳ್ಳುತ್ತಾರೆ. ಅರ್ಧ ದಾರಿಯಿಂದ ತಿರುಗಿ ಹೋಗುವ ಅರಸನನ್ನು ಯಾರಾದರೂ ಕಂಡಿದ್ದಾರೆಯೇ?

ನಡುಮನೆ | ಮಂಗಳವಾರ, ರಾತ್ರಿ 8.40

ಎಷ್ಟು ಸಲ ಓದಿದ್ದೇನೆ ಈ ವಚನವನ್ನು. "ಒಯ್ಯಲ್ಪಡುವೆವು" ಒಂದೇ ಕಿವಿಗೆ ಬಿದ್ದಿತ್ತು. "ಎದುರುಗೊಳ್ಳುವುದು" ಬಿದ್ದೇ ಇರಲಿಲ್ಲ.

ಹಳೇ_ಕಾವಲುಗಾರ | ಮಂಗಳವಾರ, ರಾತ್ರಿ 9.30

ಯೋಹಾನ 14 ಹಾಗೆಯೇ ಇದೆಯಲ್ಲ. ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ, ನಿಮಗೆ ಸ್ಥಳ ಸಿದ್ಧಮಾಡಲು ಹೋಗುತ್ತೇನೆ ಎಂದಿಲ್ಲವೇ? ಪ್ರಕಟನೆ 3:10ರಲ್ಲಿ ಫಿಲದೆಲ್ಫಿಯದ ಸಭೆಗೆ, ಭೂಲೋಕಕ್ಕೆಲ್ಲ ಬರುವ ಶೋಧನೆಯ ಸಮಯದಿಂದ ತಪ್ಪಿಸಿ ಕಾಪಾಡುವೆನು ಎಂದಿಲ್ಲವೇ? ಇವನ್ನು ಹೇಗೆ ದಾಟುತ್ತೀರಿ?

ಅಲ್ಫಾ_ಬೀಟಾ | ಮಂಗಳವಾರ, ರಾತ್ರಿ 10.02

ದಾಟುವುದಿಲ್ಲ, ಅಲ್ಲೇ ನಿಂತು ಓದೋಣ. "ಬಿಡಾರ" ಎಂಬುದಕ್ಕೆ ಮೂಲದ ಪದ ಮೊನೇ. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ, ಎರಡೂ ಇದೇ ಅಧ್ಯಾಯದಲ್ಲಿ. ಎರಡನೆಯದು 23ನೆಯ ವಚನ: ನನ್ನನ್ನು ಪ್ರೀತಿಸುವವನ ಬಳಿಗೆ ತಂದೆಯೂ ನಾನೂ ಬಂದು ಅವನೊಂದಿಗೆ ಬಿಡಾರ ಮಾಡುವೆವು. ಅಲ್ಲಿ ಬರುವವರು ಅವರು.

3:10ರ "ತಪ್ಪಿಸಿ ಕಾಪಾಡು" ಎಂಬ ಕ್ರಿಯಾಪದವೂ ಅವ್ಯಯವೂ ಜೊತೆಯಾಗಿ ಮತ್ತೊಂದೇ ಕಡೆ ಬರುತ್ತವೆ, ಯೋಹಾನ 17:15ರಲ್ಲಿ. ಅಲ್ಲಿ ಯೇಸುವಿನ ಪ್ರಾರ್ಥನೆ ಏನು? ಇವರನ್ನು ಲೋಕದಿಂದ ತೆಗೆದುಬಿಡಬೇಕೆಂದು ನಾನು ಕೇಳಿಕೊಳ್ಳುವುದಿಲ್ಲ, ಕೆಡುಕನಿಂದ ಕಾಪಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಎಣ್ಣೆಬತ್ತಿ | ಬುಧವಾರ, ಬೆಳಿಗ್ಗೆ 6.30

ನನಗೊಂದು ಭಯ. ಪಟವನ್ನು ಕಿತ್ತು ತೆಗೆದ ಮೇಲೆ ಗೋಡೆಯ ಮೇಲೆ ಉಳಿಯುವುದೇನು? ನಮ್ಮ ತಾಯಿ ತೀರಿಕೊಂಡಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಬೋಧನೆಯೇ. ಇದೆಲ್ಲ ಹಳೆಯ ರೋಮ್ ಸಾಮ್ರಾಜ್ಯದ ಕಥೆ ಎಂದಾದರೆ ನನ್ನ ತಾಯಿಯ ಸಮಾಧಿಗೂ ಇದಕ್ಕೂ ಏನು ಸಂಬಂಧ?

ಪತ್ಮೋಸ್ | ಬುಧವಾರ, ಬೆಳಿಗ್ಗೆ 7.10

ಎಣ್ಣೆಬತ್ತಿ ಅವರೇ, ಪೌಲ 1 ಥೆಸಲೊನೀಕ 4ರ ಆ ಭಾಗವನ್ನು ಬರೆದದ್ದೇ ನಿಮ್ಮಂಥವರಿಗೆ. 13ನೆಯ ವಚನ ನೋಡಿ: ಸತ್ತವರ ವಿಷಯದಲ್ಲಿ ದುಃಖಿಸುತ್ತಿದ್ದವರಿಗೆ. ಮುಂದೆ ಯಾವ ಯುದ್ಧ, ಯಾವ ರಾಷ್ಟ್ರ ಎಂಬುದು ಅವರ ಪ್ರಶ್ನೆಯೇ ಆಗಿರಲಿಲ್ಲ. ತೀರಿಕೊಂಡ ನಮ್ಮವರಿಗೆ ಬರೋಣದಲ್ಲಿ ಪಾಲು ಉಂಟೇ ಎಂಬುದು ಅವರ ಚಿಂತೆ. ಪೌಲನ ಉತ್ತರ: ಅವರೇ ಮೊದಲು ಏಳುವರು. ಇದನ್ನು ಯಾವ ಓದೂ ಕಿತ್ತುಕೊಳ್ಳುವುದಿಲ್ಲ. ಆತನು ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಮಹಿಮೆಯಿಂದ ತಿರುಗಿ ಬರುವನು, ಆತನ ರಾಜ್ಯಕ್ಕೆ ಅಂತ್ಯವಿಲ್ಲ ಎಂದು 381ರ ವಿಶ್ವಾಸಪ್ರಮಾಣ ಹೇಳುತ್ತದೆ. ಅಷ್ಟೇ ಹೇಳುತ್ತದೆ. ಏಳು ವರ್ಷ ಅದರಲ್ಲಿಲ್ಲ.

ಪ್ರಕಟನೆಯ ಕೊನೆಯ ಚಿತ್ರವೂ ಹಾಗೆಯೇ. 21ನೆಯ ಅಧ್ಯಾಯದಲ್ಲಿ ಯಾರೂ ಮೇಲಕ್ಕೆ ಹೋಗುವುದಿಲ್ಲ, ಹೊಸ ಯೆರೂಸಲೇಮು ಕೆಳಕ್ಕೆ ಇಳಿದುಬರುತ್ತದೆ. ದೇವರ ನಿವಾಸ ಮನುಷ್ಯರ ಮಧ್ಯದಲ್ಲಿ.

ಆಮೋಸ_5 | ಬುಧವಾರ, ಬೆಳಿಗ್ಗೆ 8.20

ಇದಕ್ಕೆ ಸೇರಿಸುವುದು ಒಂದಿದೆ. "ಭೂಮಿ ಹೇಗೂ ಸುಟ್ಟುಹೋಗುತ್ತದೆ" ಎಂದು ನೀರು, ಮಣ್ಣು, ಗಾಳಿಯ ಬಗ್ಗೆ ಉದಾಸೀನ ಮಾಡುವವರು 2 ಪೇತ್ರ 3:10 ಹಿಡಿಯುತ್ತಾರೆ. ಸೀನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಅಲ್ಲಿರುವ ಕ್ರಿಯಾಪದ "ಸುಟ್ಟುಹೋಗುವವು" ಅಲ್ಲ, "ಕಂಡುಬರುವವು". ಭೂಮಿಯೂ ಅದರಲ್ಲಿ ನಡೆದ ಕೆಲಸಗಳೂ ಬಯಲಾಗುವವು. ಲೆಕ್ಕ ಕೇಳುವವನ ಮುಂದೆ ಮನೆಯನ್ನು ಹಾಳುಗೆಡವಿ ನಿಲ್ಲಬಹುದೇ?

ಇತಿಹಾಸ_ಪಾಠ | ಬುಧವಾರ, ಬೆಳಿಗ್ಗೆ 9.00

ಅಂಚಿನ_ಬರಹ ಅವರ ಅಕ್ಕನ ಕಥೆ ಓದಿದಾಗಿನಿಂದ 1844 ನೆನಪಿಗೆ ಬರುತ್ತಿದೆ. ಅಮೆರಿಕದ ವಿಲಿಯಂ ಮಿಲ್ಲರ್ ಒಬ್ಬ ರೈತ. ದಾನಿಯೇಲ 8:14ರ 2,300 ದಿನಗಳನ್ನು 2,300 ವರ್ಷ ಎಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿದ. ಕೊನೆಗೆ ಅವನ ಅನುಯಾಯಿಗಳು 1844ರ ಅಕ್ಟೋಬರ್ 22 ಎಂಬ ದಿನಕ್ಕೆ ಬಂದು ನಿಂತರು. ಆ ವರ್ಷ ಕೆಲವು ರೈತರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟರು. 23ರ ಬೆಳಿಗ್ಗೆ ಎಂದಿನಂತೆ ಸೂರ್ಯ ಹುಟ್ಟಿತು. ಕಾದವರು ರಾತ್ರಿಯಿಡೀ ಅತ್ತರು. ಅವರೂ ಕೆಟ್ಟವರಲ್ಲ, ನಿಮ್ಮ ತಂದೆಯಂಥವರೇ. ಆ ಗಾಯದ ಮೇಲೆ ಕೆಲವರು ಮತ್ತೆ ಬೈಬಲ್ ತೆರೆದು ಕೂತರು, ಕೆಲವರು ಎಂದಿಗೂ ತೆರೆಯಲಿಲ್ಲ.

2011ರ ಮೇ 21ಕ್ಕೂ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಹೀಗೆಯೇ ದಿನ ಕಟ್ಟಿದ್ದ. ತಪ್ಪಿದ ಮೇಲೆ ಅಕ್ಟೋಬರ್ 21 ಎಂದ. ಅದೂ ತಪ್ಪಿದ ಮೇಲೆ, ದಿನ ಎಣಿಸಿದ್ದು ಪಾಪವಾಯಿತು ಎಂದು ಒಪ್ಪಿಕೊಂಡ. ಆ ಒಪ್ಪಿಗೆಯ ಸುದ್ದಿ ಮೊದಲಿನದರಷ್ಟು ದೂರ ಹೋಗಲಿಲ್ಲ.

ಅಂಚಿನ_ಬರಹ | ಗುರುವಾರ, ರಾತ್ರಿ 9.45

ಎರಡು ದಿನ ಬರೆಯಲಾಗಲಿಲ್ಲ. ಅಕ್ಕನ ಮನೆಗೆ ಹೋಗಿದ್ದೆ, ಅಪ್ಪನ ಬೈಬಲನ್ನೂ ತೆಗೆದುಕೊಂಡು. ಇಷ್ಟು ವರ್ಷ ಈ ವಿಷಯವನ್ನು ನಾವು ಒಬ್ಬರಿಗೊಬ್ಬರು ಎತ್ತಿರಲಿಲ್ಲ. 1988ರ ಅಳಿಸಿದ ಗುರುತನ್ನು ತೋರಿಸಿದೆ. ಅಕ್ಕ ಕನ್ನಡಕ ಹಾಕಿಕೊಂಡು, ಪುಟವನ್ನು ಕಿಟಕಿಯ ಕಡೆಗೆ ಓರೆ ಮಾಡಿ, ಬೆರಳಿನಿಂದ ಆ ಅಂಕಿಗಳನ್ನು ಸವರಿ ನೋಡಿದಳು.

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. 1989ರ ಜನವರಿಯಲ್ಲಿ ಒಂದು ಸಂಜೆ ಅಪ್ಪ ಕಾಲೇಜಿನ ಅರ್ಜಿಯೊಂದನ್ನು ತಂದು ಅವಳ ಮುಂದೆ ಇಟ್ಟರಂತೆ. ಏನೂ ಹೇಳಲಿಲ್ಲವಂತೆ. ಅಷ್ಟು ಹೊತ್ತಿಗೆ ಅವಳಿಗೆ ಮದುವೆ ಗೊತ್ತಾಗಿತ್ತು, ಅರ್ಜಿಯನ್ನು ಹಿಂದಕ್ಕೆ ಕೊಟ್ಟಳಂತೆ. "ಅಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡರು ನೋಡು, ಆ ಮಡಿಕೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದಳು.

ಅಲ್ಫಾ_ಬೀಟಾ ಅವರು ಬರೆದದ್ದನ್ನು ಮೊಬೈಲಿನಲ್ಲಿ ಅವಳಿಗೆ ಓದಿ ಹೇಳಿದೆ. "ಎದುರುಗೊಳ್ಳುವುದಾದರೆ ಮನೆ ಗುಡಿಸಿಟ್ಟು ಹೋಗಬೇಕಲ್ಲವೇನೋ" ಎಂದಳು. ಭಾನುವಾರ ಮಕ್ಕಳ ಪಾಠವನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ನಡುಮನೆ | ಗುರುವಾರ, ರಾತ್ರಿ 10.00

ನಿಮ್ಮ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಆ ಮಾತನ್ನು ನನ್ನ ಮಗಳಿಗೆ ಹೇಳಿದೆ. ನಾಳೆ ತನ್ನ ಆಟಿಕೆಗಳನ್ನು ತಾನೇ ಜೋಡಿಸಿಡುತ್ತಾಳಂತೆ.

ಹಳೇ_ಕಾವಲುಗಾರ | ಗುರುವಾರ, ರಾತ್ರಿ 11.15

ನಾಲ್ಕು ದಿನದಿಂದ ಇಲ್ಲಿ ವಾದ ಮಾಡುತ್ತಿದ್ದೇನೆ, ಒಂದು ವಿಷಯವನ್ನು ಹೇಳಿರಲಿಲ್ಲ. ನಾನು ಮೊದಲ ಬಾರಿ ವೇದಿಕೆ ಹತ್ತಿ ಬೋಧಿಸಿದ್ದು 1987ರಲ್ಲಿ. 30 ವರ್ಷ ಎಂದದ್ದು ಪಾಠದ ಲೆಕ್ಕ ಮಾತ್ರ, ಅದಕ್ಕೂ ಮುಂಚೆ ಯುವಕರ ಕೂಟಗಳಲ್ಲಿ ಮಾತಾಡುತ್ತಿದ್ದೆ. ಆ ದಿನ ಹೇಳಿದ್ದು 1948 ಕೂಡು 40. ಎದುರು ಕೂತವರಲ್ಲಿ ನಿಮ್ಮ ಅಕ್ಕನ ವಯಸ್ಸಿನವರು ಹಲವರಿದ್ದರು. ಅವರಲ್ಲಿ ಯಾರು ಓದು ಬಿಟ್ಟರು, ಯಾರು ಕೆಲಸ ಬಿಟ್ಟರು ಎಂದು ನಾನು ಯಾವತ್ತೂ ವಿಚಾರಿಸಲಿಲ್ಲ. ಇಬ್ಬರ ವಿಳಾಸ ನನ್ನಲ್ಲಿದೆ. ಹೋಗಿ ಕೇಳುತ್ತೇನೆ.

ಸಭೆ ಎತ್ತಲ್ಪಡುತ್ತದೆ ಎಂದು ನಾನು ಈಗಲೂ ನಂಬುತ್ತೇನೆ. ಯೋಹಾನ 17:15 ಮಾತ್ರ ನನ್ನ ನಿದ್ದೆ ಕೆಡಿಸಿದೆ. ದಾನಿಯೇಲ 9ರ ಎಪ್ಪತ್ತು ವಾರಗಳ ಬಗ್ಗೆ ಯಾರಾದರೂ ಬರೆಯುತ್ತೀರಾ? ವಾರಕ್ಕೆ ಏಳು ವರ್ಷವೆಂದು ಹಿಡಿದು, 69ನೆಯ ವಾರಕ್ಕೂ 70ನೆಯದಕ್ಕೂ ನಡುವೆ ಎರಡು ಸಾವಿರ ವರ್ಷದ ಅಂತರವನ್ನು ನಾನು ಕಲಿಸುತ್ತ ಬಂದಿದ್ದೇನೆ. ಆ ಅಂತರ ವಚನದಲ್ಲಿ ಎಲ್ಲಿದೆ ಎಂದು ಇವತ್ತು ಹುಡುಕಿದೆ.

ಇತಿಹಾಸ_ಪಾಠ | ಗುರುವಾರ, ರಾತ್ರಿ 11.40

ಶನಿವಾರ ಬರೆಯುತ್ತೇನೆ ಅಣ್ಣ. ಕ್ರಿ.ಪೂ. 167ರಲ್ಲಿ ಸಿರಿಯದ ಗ್ರೀಕ್ ಅರಸ ಅಂತಿಯೋಕಸ್ ಎಪಿಫನೀಸ್ ದೇವಾಲಯವನ್ನು ಹೊಲೆಮಾಡಿದಲ್ಲಿಂದ ಆರಂಭಿಸಬೇಕು, ಸ್ವಲ್ಪ ಉದ್ದವಾಗುತ್ತದೆ. ಅಷ್ಟರಲ್ಲಿ ಎಲ್ಲರೂ 24ರಿಂದ 27ರವರೆಗಿನ ನಾಲ್ಕೇ ವಚನಗಳನ್ನು ಓದಿಕೊಂಡು ಬನ್ನಿ. ಅಡಿಟಿಪ್ಪಣಿ ಇಲ್ಲದ ಪ್ರತಿಯಲ್ಲಿ.